ನೂರಾ ನಲವತ್ತೇಳನೆಯ ಪುಟ

ಬಸವಂತರಾಯನಿಗೆ ಕುರಿಗಳ ಮೇಲೆ ಸಿಟ್ಟಿರಲಿಲ್ಲ. ಪಾಪ, ಮೂಕ ಪ್ರಾಣಿಗಳು, ಅವಕ್ಕೇನು ಗೊತ್ತು? ಸಿಟ್ಟಿದ್ದದ್ದು ಅವನ್ನು ತನಗಿಂತ ಮೊದಲು ಹರಿಗೋಲಿಗೆ ಹತ್ತಿಸಿದ ಹಣಮಂತಮ್ಮನ ಮೇಲೆ.

ಐದು ವರ್ಷದ ಹಿಂದಿನ ಮಾತು. ಹೊಳೆಯಾಚೆಯ ಊರಿನಲ್ಲಿ ಅವನಿಗೊಂದು ಹೆಣ್ಣು ಗೊತ್ತಾಗಿತ್ತು. ನಿಶ್ಚಯದ ವೀಳ್ಯ ಹಿಡಿಯುವ ದಿನ ಹೊಸ ರುಮಾಲು ಸುತ್ತಿಕೊಂಡು, ಮನೆಯ ಹಿರಿಯರನ್ನು ಮುಂದಿಟ್ಟುಕೊಂಡು ಹೊಳೆ ದಾಟುವ ಕೊಂಕಲ್ ಘಾಟಿಗೆ ಬಂದ. ಅಲ್ಲಿ ಕುರಿಗಾಹಿ ಅಮರಪ್ಪ ತನ್ನ ಹಿಂಡು ನಿಲ್ಲಿಸಿಕೊಂಡು ಕೂತಿದ್ದ. ಅಂಬಿಗರ ಹಣಮಂತಮ್ಮ ಸೀರೆ ಕಚ್ಚೆ ಹಾಕಿ, ಕುರಿಗಳನ್ನು ಒಂದೊಂದಾಗಿ ಎತ್ತಿ ಹರಿಗೋಲಿನೊಳಗೆ ಇಳಿಸುತ್ತಿದ್ದಳು.

"ಕುರಿ ಆಮ್ಯಾಲ ಹೋಗ್ತಾವ. ಮೊದಲ ನಮ್ಮನ್ನ ದಾಟಸು," ಎಂದ ಬಸವಂತರಾಯ.

"ಕುರಿ ಮೊದಲ ಬಂದಾವ್ರಿ," ಎಂದಳು ಅವಳು, ತಲೆ ಸಹ ಎತ್ತದೆ. "ಈ ಘಾಟಿನ್ಯಾಗ ಮೊದಲ ಬಂದವರು ಮೊದಲ. ನಮ್ಮ ಹಿರ್ಯಾರು ಹಾಕಿದ ನೇಮ. ಹೊಳಿಗೇನು ಗೌಡ ಯಾರು, ಕುರಿ ಯಾವುದು ಗೊತ್ತಾಗ್ತದೇನ್ರಿ?"

ಆರು ಸಲ ಹೋಗಿ ಆರು ಸಲ ಬಂತು ಹರಿಗೋಲು. ಸೂರ್ಯ ನೆತ್ತಿಗೇರಿದ. ಇವರು ಆಚೆ ದಡ ಮುಟ್ಟಿ ಹೆಣ್ಣಿನ ಮನೆಗೆ ಹೋಗುವ ಹೊತ್ತಿಗೆ ಮುಹೂರ್ತ ಮೀರಿತ್ತು, ಹೆಣ್ಣಿನ ಸೋದರಮಾವ ಬಾಗಿಲಿಗೆ ಅಡ್ಡ ನಿಂತಿದ್ದ. "ಒಂದು ಹೊಳಿ ದಾಟಾಕ ಬಾರದವ ಸಂಸಾರ ಹ್ಯಾಂಗ ದಾಟಸ್ತಾನ?" ಎಂದ. ಅಷ್ಟೇ. ಸಂಬಂಧ ಮುರಿಯಿತು. ಮುಂದೆ ಬೇರೆ ಕಡೆಯಿಂದ ಪಾರ್ವತೆಮ್ಮನನ್ನು ತಂದುಕೊಂಡ, ಒಳ್ಳೆಯ ಹೆಂಡತಿ, ಅದು ಬೇರೆ. ಆದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಶಹಾಪುರದ ಸರ್ಕಾರಿ ಮದರಸಾದಲ್ಲಿ ಅವನು ಇಂಗ್ಲಿಷ್ ಮಾಸ್ತರ. ಹಲಗೆಯ ಕಡೆ ತಿರುಗಿದರೆ ಸಾಕು, ಹಿಂದಿನ ಸಾಲಿನಿಂದ ಮೆಲ್ಲಗೆ "ಬ್ಯಾ" ಎಂಬ ದನಿ ಬರುತ್ತಿತ್ತು. ಐದು ವರ್ಷದಿಂದ ಬರುತ್ತಿತ್ತು. ಹಳೆಯ ಹುಡುಗರು ಪಾಸಾಗಿ ಹೋದರೂ ಆ ದನಿ ಮಾತ್ರ ಅದೇ ಕ್ಲಾಸಿನಲ್ಲಿ ಉಳಿದಿತ್ತು.

ನಿಜಾಮ ಸರ್ಕಾರದ ಲೆಕ್ಕದ ಫಸಲಿ ಸಾವಿರದ ಮುನ್ನೂರೈವತ್ತೊಂದರಲ್ಲಿ ಶಹಾಪುರಕ್ಕೆ ಹೊಸ ತಹಶೀಲ್ದಾರರು ಬಂದರು. ಪುಸ್ತಕದ ಹುಚ್ಚಿನ ಮನುಷ್ಯ. ಘಾಟುಗಳ ಹಕ್ಕು ಯಾರು ಯಾರದು, ಸಬೂತು ತಂದು ತೋರಿಸಿ ಎಂದು ಹುಕುಂ ಹೊರಡಿಸಿದರು. ಹಣಮಂತಮ್ಮನ ಮನೆಯಲ್ಲಿದ್ದ ಸನದು, ಅಂದರೆ ಅರಸರು ಕೊಟ್ಟ ಹಕ್ಕುಪತ್ರ, ಹೊಳೆ ಬಂದ ವರ್ಷ ಗುಡಿಸಲ ಸಮೇತ ಹೋಗಿತ್ತು. ಬಸವಂತರಾಯನದು ಕೊಂಕಲ್ಲಿನ ಗೌಡಕಿ ಮನೆತನ. ಘಾಟು ನಮ್ಮದು, ಅಂಬಿಗರು ನಮ್ಮ ಆಳುಗಳು ಎಂದು ಅವನೂ ಒಂದು ಅರ್ಜಿ ಒಗೆದ. ಅವನ ಕೈಯಲ್ಲೂ ಕಾಗದವಿರಲಿಲ್ಲ. ಸುಮ್ಮನೆ ಒಗೆದದ್ದು. ಗುರಿ ತಪ್ಪಿದರೆ ಹೋಗುವುದು ಕಲ್ಲು ತಾನೇ?

ವಿಚಾರಣೆಯ ದಿನ ಹಣಮಂತಮ್ಮ ಮೈದುನ ದುರಗಪ್ಪನನ್ನು ಕರೆದುಕೊಂಡು ಕಚೇರಿಗೆ ಬಂದಳು. ಗಂಡ ಸತ್ತ ಮೇಲೆ ಘಾಟು ನಡೆಸುತ್ತಿದ್ದವರು ಅವರಿಬ್ಬರೇ. ಆ ಹರಿಗೋಲಿನ ಮೇಲೆ ಮೂರು ಮನೆಗಳ ಗಂಜಿ ನಿಂತಿತ್ತು.

"ಸನದು ಇಲ್ಲಂದ್ರ ಮತ್ತೇನೈತಿ?" ತಹಶೀಲ್ದಾರರು ಕೇಳಿದರು.

"ಒಂದು ಪುಸ್ತಕ ಐತಿರಿ ಸಾಹೇಬ್ರ," ಎಂದಳು ಹಣಮಂತಮ್ಮ. "ನಮ್ಮ ಮಾವ ಹೇಳ್ತಿದ್ದ. ಅವನ ಅಪ್ಪನ ಕಾಲಕ್ಕ ಯಾವನೋ ಬಿಳೀ ಸಾಹೇಬ ಬಂದು, ನಮ್ಮ ಹರಿಗೋಲದಾಗ ಕುಂತು, ಸನದು ಓದಿಸಿ ಕೇಳಿ, ಎಲ್ಲಾ ಬರಕೊಂಡು ಹೋದನಂತ. ಪುಸ್ತಕದಾಗ ಹಾಕ್ತೀನಿ ಅಂದಿದ್ದನಂತ."

ಕಚೇರಿಯಲ್ಲಿ ಕೂತವರೆಲ್ಲ ನಕ್ಕರು. ತಹಶೀಲ್ದಾರರು ನಗಲಿಲ್ಲ. "ಆ ಕಿತಾಬು ಸಿಕ್ಕರ ನಾನು ಒಪ್ಪತೀನಿ. ಆರು ತಿಂಗಳು ಮೊಹಲತ್ ಕೊಟ್ಟೀನಿ," ಎಂದು ಬರೆಸಿದರು. ನಗದೆ ಇದ್ದ ಇನ್ನೊಬ್ಬನೆಂದರೆ ಬಸವಂತರಾಯ. ಅವಳಿಗೆ ಆ ಪುಸ್ತಕ ಹುಡುಕಿ ಕೊಡುವವರು ಯಾರು? ಸುರಪುರ, ಶಹಾಪುರ, ಯಾದಗಿರಿ ಮೂರೂ ಕಡೆ ಸೇರಿಸಿ ಇಂಗ್ಲಿಷ್ ಪುಸ್ತಕ ಬಿಡಿಸಿ ಓದುವ ನಾಲ್ಕು ಜನರಲ್ಲಿ ಅವನೊಬ್ಬ. ಅವಳಿಗಿಂತ ಮೊದಲು ಆ ಪುಸ್ತಕ ತನ್ನ ಕೈಗೆ ಸಿಗಬೇಕು ಎಂದುಕೊಂಡ.

ದಸರೆಯ ರಜೆಗೆ ಯಾದಗಿರಿಯಲ್ಲಿ ರೈಲು ಹತ್ತಿ ಕಲಬುರ್ಗಿಗೆ ಹೋದ. ಅಲ್ಲಿಯ ಕಾಲೇಜಿಗೊಂದು ಪುಸ್ತಕ ಭಂಡಾರವಿತ್ತು, ಜನರ ಬಾಯಲ್ಲಿ ಕುತುಬಖಾನೆ. ಅದನ್ನು ಕಾಯುತ್ತಿದ್ದವನು ಸುಲ್ತಾನಸಾಬ ಎಂಬ ಮುದುಕ. ಮೂಗಿನ ತುದಿಗೆ ದಪ್ಪ ಚಾಳೀಸು, ಹೆಗಲ ಮೇಲೆ ಧೂಳು ಒರೆಸುವ ಅರಿವೆ. ಪುಸ್ತಕ ಕೊಡುವಾಗೊಮ್ಮೆ, ತಗೊಳ್ಳುವಾಗೊಮ್ಮೆ ಅದನ್ನು ಮೂಗಿಗೆ ಹಿಡಿದು ಮೂಸುವ ಚಟ ಅವನಿಗೆ. ಆ ಮೂಗು ಬಸವಂತರಾಯನಿಗೆ ಮೊದಲ ದಿನವೇ ಸೇರಲಿಲ್ಲ.

ಯಾವ ಪುಸ್ತಕ ಬೇಕೆಂದು ಅವನು ಹೇಳಲಿಲ್ಲ. ದಖ್ಖನಿನ ಹಳೆಯ ಸಂಗತಿ ಓದುತ್ತೇನೆ ಎಂದ. ಕಪಾಟುಗಳನ್ನು ಒಂದು ತುದಿಯಿಂದ ಜಾಲಾಡಿದ. ಮೂರನೆಯ ದಿನ ಸಿಕ್ಕಿತು. ಹಾಲ್ಡನ್ ಎಂಬ ಸಾಹೇಬ ತೊಂಬತ್ತು ವರ್ಷದ ಹಿಂದೆ ಬರೆದ ದಪ್ಪ ಪುಸ್ತಕ, ದಖ್ಖನಿನ ಹೊಳೆಗಳ ಮೇಲಿನ ಘಾಟುಗಳನ್ನು ಕುರಿತದ್ದು. ತನ್ನ ಗೆಳೆಯರಿಗೆಂದು ನೂರು ಪ್ರತಿ ಮಾತ್ರ ಅಚ್ಚು ಹಾಕಿಸಿದ್ದ ಪುಣ್ಯಾತ್ಮ. ಯಾರೋ ಪಿಂಚಣಿದಾರ ಸಾಹೇಬ ಹನ್ನೆರಡು ವರ್ಷದ ಹಿಂದೆ ಕಾಲೇಜಿಗೆ ಕೊಟ್ಟು ಹೋಗಿದ್ದ. ಕೊಟ್ಟಾಗಿನಿಂದ ಒಬ್ಬರೂ ಅದನ್ನು ಮನೆಗೆ ಒಯ್ದಿರಲಿಲ್ಲ.

ನೂರಾ ನಲವತ್ತೇಳನೆಯ ಪುಟದಲ್ಲಿ ಕೊಂಕಲ್ ಇತ್ತು. ಹಣಮಂತಮ್ಮ ಹೇಳಿದ್ದೆಲ್ಲ ಇತ್ತು. ಈ ಘಾಟಿನ ಹಕ್ಕು ಸುರಪುರದ ಅರಸರು ಅಂಬಿಗರ ಮನೆತನಕ್ಕೆ ಕೊಟ್ಟದ್ದು, ಸನದನ್ನು ನಾನೇ ಓದಿಸಿ ಕೇಳಿದೆ, ಎಂದು ಸಾಹೇಬ ಬರೆದಿದ್ದ. ಇಷ್ಟಕ್ಕೇ ಬಿಟ್ಟನೇ? ಮೊದಲು ಬಂದವರು ಮೊದಲು ದಾಟಬೇಕೆಂಬ ಇವರ ನೇಮ ನನಗೂ ತಪ್ಪಲಿಲ್ಲ, ನನ್ನ ಕುದುರೆಗಿಂತ ಮೊದಲು ಒಂದು ಎಮ್ಮೆ ದಾಟಿತು, ನಾನು ದಡದಲ್ಲಿ ಕೂತು ಮನಸಾರೆ ನಕ್ಕೆ, ಎಂದು ಸಹ ಬರೆದಿದ್ದ. ಅದನ್ನೋದಿ ಬಸವಂತರಾಯ ಪುಸ್ತಕವನ್ನು ಪಟ್ಟನೆ ಮುಚ್ಚಿದ. ಕುದುರೆಯ ಸಾಹೇಬ ಎಮ್ಮೆಯ ಹಿಂದೆ ನಿಂತು ನಗುತ್ತಾನಂತೆ! ಇವನಿಗೇನು, ಇವನ ವೀಳ್ಯ ತಪ್ಪಿತೇ? ಇವನ ಕ್ಲಾಸಿನಲ್ಲಿ ಹುಡುಗರು "ಬ್ಯಾ" ಅಂದರೇ?

ಪುಸ್ತಕವನ್ನು ಕದ್ದು ಹೊಳೆಗೆ ಒಗೆಯಬಹುದಿತ್ತು. ದಡ್ಡ ಹಾಗೆ ಮಾಡುತ್ತಾನೆ. ಪುಸ್ತಕ ಕಳೆದರೆ ಯಾರು ಕಳೆದರು ಎಂಬ ಮಾತು ಬರುತ್ತದೆ. ಇಲ್ಲವೇ ಸುಳ್ಳು ಸನದು ಬರೆಸಬಹುದಿತ್ತು. ಅದು ಇನ್ನೂ ದಡ್ಡತನ. ಸನದೆಂದರೆ ಹೈದರಾಬಾದಿನ ದಫ್ತರಕ್ಕೆ ಹೋಗುತ್ತದೆ, ಮೊಹರು, ಕಾಗದ, ಕೈಬರಹ ಭೂತಗನ್ನಡಿ ಹಿಡಿದು ನೋಡುವ ಮುನ್ಷಿಗಳು ಅಲ್ಲಿ ಕೂತಿರುತ್ತಾರೆ. ಅದೇ ಒಂದು ಹಳೆಯ ಪುಸ್ತಕದ ಮಾತು? ಯಾರೋ ಕಂಡದ್ದನ್ನು ಯಾರೋ ಬರೆದದ್ದು. ಅದನ್ನು ಯಾರೂ ಬೆಳಕಿಗೆ ಹಿಡಿದು ನೋಡುವುದಿಲ್ಲ. ಪುಸ್ತಕದ ಹೆಸರು, ಬರೆದವನ ಹೆಸರು, ಪುಟದ ನಂಬರು ಈ ಮೂರನ್ನು ಸಾಲಾಗಿ ಬರೆದರೆ ಕಲಿತ ಜನ ಕೈಮುಗಿದುಬಿಡುತ್ತಾರೆ. ಇಪ್ಪತ್ತು ವರ್ಷ ಓದಿ, ಹತ್ತು ವರ್ಷ ಕಲಿಸಿದವನಿಗೆ ಈ ಮರ್ಮ ಗೊತ್ತಿತ್ತು.

ಹಾವು ಸಾಯಬೇಕು, ಕೋಲು ಮುರಿಯಬಾರದು. ಪುಸ್ತಕ ಅಲ್ಲಿಯೇ ಇರಬೇಕು. ಹಣಮಂತಮ್ಮನ ಸಾಕ್ಷಿಯೇ ಬಂದು ಹಣಮಂತಮ್ಮನ ವಿರುದ್ಧ ನುಡಿಯಬೇಕು.

ಅವನು ಪುಸ್ತಕದ ಮಿಕ್ಕ ಪುಟಗಳನ್ನೂ ಮೊದಲಿನಿಂದ ಕಡೆಯವರೆಗೆ ಓದಿದ, ಕೊಂಕಲ್ಲಿನ ಹೆಸರು ಇನ್ನೊಂದು ಕಡೆ ಬಂದಿದೆಯೇ ಎಂದು. ಬಂದಿರಲಿಲ್ಲ. ಬೇರೆ ಪ್ರತಿ ಎಲ್ಲಾದರೂ ಇದೆಯೇ ಎಂದು ಹೈದರಾಬಾದಿಗೂ ಪುಣೆಗೂ ಕಾಗದ ಬರೆದ. ಇಲ್ಲವೆಂದು ಎರಡೂ ಕಡೆಯಿಂದ ಜವಾಬು ಬಂತು. ಆಮೇಲೆ ಎದೆ ಸೆಟೆಸಿಕೊಂಡು, ರಿಜಿಸ್ಟರಿನಲ್ಲಿ ತನ್ನ ಸ್ವಂತ ಹೆಸರೇ ಬರೆದು, ಸಹಿ ಹಾಕಿ, ಪುಸ್ತಕ ಮನೆಗೆ ಒಯ್ದ. ಸುಳ್ಳು ಹೆಸರು ಬರೆಯುವುದು ಕಳ್ಳರ ಲಕ್ಷಣ. ತಾನು ವಿದ್ವಾಂಸ, ಓದಲು ಒಯ್ಯುತ್ತಿದ್ದೇನೆ.

ಮನೆಯಲ್ಲಿ ಅಳತೆ ತೆಗೆದ. ಸಾಲಿಗೆಷ್ಟು ಅಕ್ಷರ, ಪುಟಕ್ಕೆಷ್ಟು ಸಾಲು, ಅಂಚು ಎಷ್ಟು ಬೆರಳು, ಎಲ್ಲ ಬರೆದುಕೊಂಡ. ಆ ಹಾಳೆಯ ಹಿಂಬದಿಗೆ ಹರಿಗೋಲಿನ ತೊಗಲು ಹದಮಾಡುವ ವಿಚಾರವಿತ್ತು, ಅದನ್ನು ಚುಕ್ಕೆ ಬಿಡದೆ ನಕಲು ಮಾಡಿದ. ಮುಂಬದಿಗೆ ಹೊಸ ಮಾತು ಕೂರಿಸಿದ: ಈ ಘಾಟಿನ ಹಕ್ಕು ಕೊಂಕಲ್ಲಿನ ಗೌಡರ ಮನೆತನದ್ದು, ಸುರಪುರದ ಅರಸರ ಸನದು ಅವರಲ್ಲಿದೆ, ಅಂಬಿಗರು ಅವರ ಆಳುಗಳು. ತನ್ನ ಮುತ್ತಜ್ಜನ ಶೌರ್ಯದ ಬಗ್ಗೆ ನಾಲ್ಕು ಸಾಲು ಸೇರಿಸಲು ಕೈ ಬಹಳ ತುರಿಸಿತು. ಸೇರಿಸಲಿಲ್ಲ. ಹೆಚ್ಚು ಮಾತಾಡುವ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಎಮ್ಮೆಯನ್ನು ಮಾತ್ರ ಹೊಡೆದುಹಾಕಿದ, ಅದರಲ್ಲಿ ಅವನಿಗೆ ಸ್ವಲ್ಪ ಸುಖವೂ ಆಯಿತು.

ಸೊಲ್ಲಾಪುರ ನಿಜಾಮ ಸರ್ಕಾರದ ಗಡಿಯಾಚೆ, ಇಲ್ಲಿಯವರು ಅಲ್ಲಿ ಕೇಳಲು ಹೋಗುವುದಿಲ್ಲ. ಅಲ್ಲಿಯ ಹಳೆಯ ಪುಸ್ತಕದ ಅಂಗಡಿಯಲ್ಲಿ ಅದೇ ಕಾಲದ ಒಂದು ಬೈಬಲ್ಲು ಕೊಂಡು, ಅದರ ಖಾಲಿ ಹಾಳೆ ಕಿತ್ತ. ಒಂದು ಸಣ್ಣ ಛಾಪಖಾನೆಯಲ್ಲಿ ಅಂಥದೇ ಹಳೆಯ ಅಚ್ಚಿನ ಮೊಳೆ ಜೋಡಿಸುವ ಮುದುಕನಿಗೆ ಇಂಗ್ಲಿಷ್ ಅಕ್ಷರ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಶಾಲೆಯ ಪಾಠದ ಹಾಳೆ ಎಂದು ಹೇಳಿ ಅಚ್ಚು ಹಾಕಿಸಿದ. ಊರಿಗೆ ಬಂದು ಆ ಹಾಳೆಯನ್ನು ಒಲೆಯ ಮೇಲೆ ಹಿಡಿದು ಹೊಗೆ ಕೊಡುತ್ತ ಕೂತಾಗ ಪಾರ್ವತೆಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಳು.

"ಅಯ್ಯ! ಕಾಗದಕ್ಕ ಹೊಗಿ ಹಾಕಾಕತ್ತೀರಲ್ರಿ, ಅದೇನು ಮೀನೇನು?"

"ನಿನಗ ತಿಳಿಯಂಗಿಲ್ಲ. ಹುಳ ಹಿಡದೈತಿ, ಅದಕ್ಕ."

"ನಿಮಗ ಯಾವ ಹುಳ ಹಿಡದೈತೋ ಶಿವನೇ ಬಲ್ಲ," ಎಂದು ಗೊಣಗಿ ರೊಟ್ಟಿ ಬಡಿಯಲು ಹೋದಳು.

ಹೆಂಡತಿಗೆ ಸಂಶಯ ಬಂತೇ ಎಂದು ಎರಡು ದಿನ ಅವಳ ಮುಖ ನೋಡಿದ. ಅವಳ ಮುಖದಲ್ಲಿ ಜೋಳದ ಹಿಟ್ಟು ಬಿಟ್ಟರೆ ಏನೂ ಕಾಣಲಿಲ್ಲ. ಪುಸ್ತಕವನ್ನು ವಾಪಸು ಕೊಟ್ಟು, ತಿಂಗಳು ಬಿಟ್ಟು ಮತ್ತೊಮ್ಮೆ ಸಹಿ ಹಾಕಿ ಒಯ್ದ. ಹಳೆಯ ಹಾಳೆಯನ್ನು ಹೊಲಿಗೆಯ ಹತ್ತಿರ ಎರಡು ಎಳ್ಳಿನಷ್ಟು ಬಿಟ್ಟು ಕತ್ತರಿಸಿ, ಆ ಅಂಚಿಗೆ ಹೊಸದನ್ನು ಗೋಧಿ ಅಂಟಿನಿಂದ ಕೂಡಿಸಿದ. ಹಿಂದಿನ ಮುಂದಿನ ಹಾಳೆಗಳಲ್ಲಿ ಹುಳ ಕೊರೆದ ಮೂರು ತೂತಿದ್ದವು. ಸೂಜಿ ಕಾಯಿಸಿ, ಅದೇ ಜಾಗಕ್ಕೆ ಮೂರು ತೂತು ಕೊರೆದ. ಹಳೆಯ ಹಾಳೆ ಒಲೆಗೆ ಹೋಯಿತು. ಎಮ್ಮೆ, ಕುದುರೆ, ನಗುವ ಸಾಹೇಬ, ಹಣಮಂತಮ್ಮನ ಮೂರು ಮನೆಯ ಗಂಜಿ, ಎಲ್ಲ ಒಂದು ರೊಟ್ಟಿ ಬೇಯುವಷ್ಟರಲ್ಲಿ ಬೂದಿಯಾಯಿತು.

ಪುಸ್ತಕ ಮರಳಿ ಕೊಡುವಾಗ ಸುಲ್ತಾನಸಾಬ ಎಂದಿನಂತೆ ಮೂಗಿಗೆ ಹಿಡಿದ. ಒಂದು ಸಲ ಮೂಸಿದ. ಮತ್ತೊಂದು ಸಲ ಮೂಸಿದ. ಚಾಳೀಸಿನ ಮೇಲಿನಿಂದ ಬಸವಂತರಾಯನನ್ನು ನೋಡಿದ.

"ಮಾಸ್ತರ, ಇದರ ವಾಸನಿ ಬದಲಾಗೇತ್ರಿ."

ಬಸವಂತರಾಯ ರುಮಾಲು ಸರಿಪಡಿಸಿಕೊಂಡ. "ಯಾಕ್ರಿ ಸಾಬ್ರ? ಏನಾಗೇತಿ?"

"ಹೊಗಿ ವಾಸನಿ."

"ಒಲಿ ಮಗ್ಗಲಕ ಕುಂತು ಓದೀನ್ರಿ. ಥಂಡಿ ಭಾಳ ಇತ್ತು."

ಮುದುಕ ಪುಸ್ತಕವನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಆಮೇಲೆ, "ಹೊಗಿ ಚಲೋರಿ. ಹುಳ ದೂರ ಆಗ್ತಾವ," ಎಂದು ಅರಿವೆಯಿಂದ ಒರೆಸಿ ಕಪಾಟಿನಲ್ಲಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ಬಸವಂತರಾಯ ಸ್ಟೇಷನ್ನಿಗೆ ಹೋಗುವತನಕ ತನ್ನ ಅಂಗಿಯ ತೋಳು ಮೂಸಿಕೊಳ್ಳುತ್ತಲೇ ಹೋದ. ಈ ಮುದುಕನಿಗೆ ಏನೋ ಗೊತ್ತು. ಗೊತ್ತಿಲ್ಲದಿದ್ದರೆ ಎರಡು ಸಲ ಯಾಕೆ ಮೂಸಬೇಕು?

ಇನ್ನು ಅವನು ಪುಸ್ತಕವನ್ನು ತಹಶೀಲ್ದಾರರ ಮುಂದೆ ಹಿಡಿಯಬೇಕಿತ್ತು. ಹಾಗೆ ಹಿಡಿಯಲಿಲ್ಲ, ಅಲ್ಲಿಯೇ ಅವನ ಜಾಣತನ. ಒಂದು ಲೇಖನ ಬರೆದ, "ನಮ್ಮ ಸೀಮೆಯ ಘಾಟುಗಳು" ಅಂತ. ಅದರಲ್ಲಿ ಹನ್ನೊಂದು ಘಾಟುಗಳ ವಿಚಾರ, ಹನ್ನೊಂದಕ್ಕೂ ಬೇರೆ ಬೇರೆ ಪುಸ್ತಕದ ಆಧಾರ. ಹತ್ತು ಅಪ್ಪಟ ನಿಜ. ಹತ್ತನ್ನು ತಿರುವಿ ನೋಡಿ ನಿಜವೆಂದು ಕಂಡವನು ಹನ್ನೊಂದನೆಯದನ್ನು ನೋಡುವ ತೊಂದರೆ ತಗೊಳ್ಳುವುದಿಲ್ಲ. ನೋಡಿದರೂ ಚಿಂತೆಯಿಲ್ಲ. ಪ್ರತಿ ಆಧಾರದ ಮುಂದೆ ಕಾಲೇಜಿನ ಕುತುಬಖಾನೆಯ ಪ್ರತಿ, ಇಂಥ ಪುಟ ಎಂದು ಅಚ್ಚುಕಟ್ಟಾಗಿ ಬರೆದ. ಧಾರವಾಡದ ಕಡೆಯ ಒಂದು ಮಾಸಪತ್ರಿಕೆ ಅದನ್ನು ಸಂತೋಷದಿಂದ ಅಚ್ಚು ಹಾಕಿತು. ಸಂಪಾದಕರು, ಇಷ್ಟು ಪ್ರಾಮಾಣಿಕವಾಗಿ ಆಧಾರ ಕೊಡುವವರು ನಮ್ಮಲ್ಲಿ ವಿರಳ ಎಂದು ಎರಡು ಸಾಲು ಹೊಗಳಿಯೂ ಬರೆದರು. ಬಸವಂತರಾಯ ಆ ಎರಡು ಸಾಲನ್ನು ಪಾರ್ವತೆಮ್ಮನಿಗೆ ಓದಿ ಹೇಳಿದ. ನಿಜ ಹೇಳಬೇಕೆಂದರೆ ಅವನಿಗೆ ಹೆಮ್ಮೆಯೇ ಆಗಿತ್ತು.

ಪತ್ರಿಕೆ ತಹಶೀಲ್ದಾರರ ಮೇಜಿಗೆ ತಾನಾಗಿಯೇ ಹೋಯಿತು. ಅವರು ಕಾಲೇಜಿಗೆ ಬರೆದರು. ಅಲ್ಲಿಯ ಇತಿಹಾಸದ ಮೇಷ್ಟ್ರು ದೇವಿಂದ್ರಪ್ಪ ಪುಸ್ತಕ ತೆಗೆಸಿ, ನೇರವಾಗಿ ನೂರಾ ನಲವತ್ತೇಳನೆಯ ಪುಟ ತೆರೆದು, ಅಕ್ಷರಕ್ಷರ ತಾಳೆ ನೋಡಿ, ಲೇಖಕರು ಕೊಟ್ಟ ಆಧಾರ ಸರಿಯಿದೆ, ಬೇಕಾದರೆ ಪುಸ್ತಕವನ್ನೇ ತಂದು ತೋರಿಸುತ್ತೇವೆ ಎಂದು ಜವಾಬು ಕೊಟ್ಟರು. ಬಸವಂತರಾಯನ ಸುಳ್ಳಿಗೆ ಈಗ ಒಬ್ಬ ಪ್ರಾಮಾಣಿಕ ಮನುಷ್ಯನ ರುಜು ಬಿದ್ದಿತ್ತು.

ವಿಚಾರಣೆಗೆ ವಾರವಿದ್ದಾಗ ಯಾದಗಿರಿ ಸ್ಟೇಷನ್ನಿನಲ್ಲಿ ಒಂದು ಘಟನೆ ನಡೆಯಿತು. ಬಸವಂತರಾಯ ಯಾವುದೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ಕಲಬುರ್ಗಿಯ ಕಡೆಯಿಂದ ಬಂದ ರೈಲಿನಿಂದ ಹಣಮಂತಮ್ಮ ಇಳಿದಳು. ಜೊತೆಗೆ ದುರಗಪ್ಪ, ಕಂಕುಳಲ್ಲಿ ಬುತ್ತಿಗಂಟು. ಹೊಳೆ ಬಿಟ್ಟು ಕದಲದ ಹೆಂಗಸು ರೈಲು ಹತ್ತಿದ್ದಾಳೆಂದರೆ? ಬಸವಂತರಾಯ ಅವಳಿಗೆ ಅಡ್ಡ ಹೋಗಿ ನಿಂತ.

"ಎಲ್ಲಿಗೆ ಹೋಗಿದ್ದಿ, ಹಣಮಂತಮ್ಮ?"

"ಕಲಬುರ್ಗಿಗೆ ಹೋಗಿದ್ನಿರಿ ಮಾಸ್ತರ. ಸಾಹೇಬನ ಪುಸ್ತಕ ಸಿಕ್ಕೈತಂತ ಕಚೇರಿ ಜವಾನ ಹೇಳಿದ. ನೀವ ಹುಡುಕಿದ್ರಂತಲ್ರಿ. ನೋಡಿ ಬಂದ್ನಿ."

"ನಿನಗ ಓದಾಕ ಬರಂಗಿಲ್ಲಲ್ಲ!"

"ಬರಂಗಿಲ್ರಿ. ಅಲ್ಲಿರೋ ಮುದ್ಯಾ ಸಾಬಗೂ ಇಂಗ್ಲೀಷ ಅರ್ಥ ಆಗಾಂಗಿಲ್ಲಂತ. ಕೈಯಾಗ ಕೊಟ್ಟ. ಕಣ್ಣಿಗೊತ್ತಿಕೊಂಡ್ನಿ. ನಮ್ಮ ಮಾವ ಸುಳ್ಳ ಹೇಳಿರಲಿಲ್ಲ ನೋಡ್ರಿ." ಅವಳ ಕಣ್ಣು ತುಂಬಿ ಬಂತು. "ನಿಮ್ಮ ಮ್ಯಾಲ ನಾವು ತಪ್ಪ ತಿಳದಿದ್ವಿ. ನಮ್ಮ ಎದುರು ಅರ್ಜಿ ಹಾಕಿದವರ ನಮ್ಮ ಪುಸ್ತಕ ಹುಡುಕಿ ಕೊಟ್ರಿ. ನಿಮ್ಮ ಹೊಟ್ಟಿ ತಣ್ಣಗಿರಲಿ."

ಅದರಲ್ಲಿ ಏನು ಬರೆದಿದೆ ಎಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಬಸವಂತರಾಯನಿಗೆ ಒಂದು ಗಳಿಗೆ ಕರುಳು ಚುರ್ ಎಂದಿತು. ಹೌದು, ಎಂದಿತು, ಅವನೂ ಮನುಷ್ಯನೇ. ಆದರೆ ಮರುಕ್ಷಣವೇ ಸಂಶಯ ತಲೆಯೆತ್ತಿತು. ಇವಳು ನಾಟಕ ಆಡುತ್ತಿಲ್ಲವಷ್ಟೆ? ಆ ಮೂಸುವ ಮುದುಕ ಇವಳಿಗೆ ಏನೋ ಹೇಳಿಕೊಟ್ಟಿದ್ದಾನೆ. ಇಬ್ಬರೂ ಸೇರಿ ತನ್ನನ್ನು ನೋಡಿ ನಗುತ್ತಿದ್ದಾರೆ. ಅಷ್ಟರಲ್ಲಿ ಪ್ಲಾಟ್‌ಫಾರಂ ಮೇಲೆ ಯಾರದೋ ಆಡುಮರಿ ಅರಚಿತು, ಅವನ ಕರುಳು ಮತ್ತೆ ಕಲ್ಲಾಯಿತು. ವಾರವಿಡೀ ನಿದ್ದೆಯಿಲ್ಲ. ಅಂಟು ಬಿಟ್ಟರೆ? ತೂತು ಹೊಂದದಿದ್ದರೆ? ಸೊಲ್ಲಾಪುರದ ಮುದುಕ ಬಾಯಿ ಬಿಟ್ಟರೆ? ಪ್ರತಿಯೊಂದಕ್ಕೂ ಜವಾಬು ಸಿದ್ಧಮಾಡಿಕೊಂಡ. ಜವಾಬಿಲ್ಲದ ಪ್ರಶ್ನೆ ಒಂದೂ ಉಳಿಯಲಿಲ್ಲ.

ಖುರ್ದಾದ್ ತಿಂಗಳ ಬಿರು ಬೇಸಿಗೆ. ಶಹಾಪುರದ ಕಚೇರಿಯಲ್ಲಿ ಪಂಖಾ ಎಳೆಯುತ್ತಿದ್ದರೂ ಎಲ್ಲರ ಅಂಗಿ ಬೆನ್ನಿಗಂಟಿತ್ತು. ದೇವಿಂದ್ರಪ್ಪ ಬಂದಿದ್ದರು. ಸುಲ್ತಾನಸಾಬ ಪುಸ್ತಕವನ್ನು ಮಗುವಿನಂತೆ ಬಟ್ಟೆಯಲ್ಲಿ ಸುತ್ತಿಕೊಂಡು, ತನ್ನ ರಿಜಿಸ್ಟರನ್ನೂ ಹೊತ್ತು ತಂದಿದ್ದ. ದೇವಿಂದ್ರಪ್ಪ ಪುಟ ತೆರೆದು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದರು. ಗೌಡರ ಮನೆತನ. ಅಂಬಿಗರು ಆಳುಗಳು.

ಹಣಮಂತಮ್ಮನಿಗೆ ಮೊದಲು ತಿಳಿಯಲಿಲ್ಲ. ದುರಗಪ್ಪ ಕಿವಿಯಲ್ಲಿ ಹೇಳಿದ ಮೇಲೆ ತಿಳಿಯಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಪುಸ್ತಕವನ್ನೇ ನೋಡುತ್ತ, "ಸಾಹೇಬ ಹಂಗ ಬರದಾನ? ನಮ್ಮ ಅನ್ನ ಉಂಡು ಹೋಗಿದ್ದನಂತಲ್ರಿ," ಎಂದಳು. ಬಸವಂತರಾಯ ನೆಲ ನೋಡಿದ. ಮನಸ್ಸಿನಲ್ಲಿ ಅವನಾಗಲೇ ಘಾಟಿನಲ್ಲಿ ನಿಂತಿದ್ದ, ಅವನ ಮೊದಲ ಹುಕುಂ ಏನೆಂಬುದೂ ನಿಶ್ಚಯವಾಗಿತ್ತು: ಕುರಿಗಳು ಕಡೆಗೆ.

"ಈ ಪುಟ ಯಾರರ ತಿದ್ದಿರಬಹುದೇನು?" ತಹಶೀಲ್ದಾರರು ಲೆಕ್ಕಣಿಕೆ ಹಿಡಿದುಕೊಂಡೇ ಕೇಳಿದರು. ಸುಮ್ಮನೆ ದಸ್ತೂರಿಗೆ ಕೇಳುವ ಪ್ರಶ್ನೆ.

ಇದಕ್ಕೂ ಬಸವಂತರಾಯನಲ್ಲಿ ಜವಾಬಿತ್ತು. ಎದ್ದು ನಿಂತ. "ಹ್ಯಾಂಗ ಸಾಧ್ಯರಿ ಸಾಹೇಬ್ರ? ಸಾಬರ ರಿಜಿಸ್ಟರ ತೆಗದು ನೋಡ್ರಿ. ಪುಸ್ತಕ ಬಂದು ಹನ್ನೆರಡು ವರ್ಷ ಆತು. ನನ್ನ ಬಿಟ್ಟು ಇದನ್ನ ಹೊರಗ ಒಯ್ದವರು ಒಬ್ಬರೂ ಇಲ್ಲ. ಸಾಬರ ಕಣ್ಣ ತಪ್ಪಿಸಿ ಒಳಗ ಕುಂತು ಒಂದು ಅಕ್ಷರ ತಿದ್ದೋದು ಯಾರಿಂದಲೂ ಆಗಾಂಗಿಲ್ಲ."

ಸುಲ್ತಾನಸಾಬ ಸಂತೋಷದಿಂದ ರಿಜಿಸ್ಟರು ತೆರೆದು ತೋರಿಸಿದ. ಎರಡು ಸಹಿ. ಎರಡೂ ಬಸವಂತರಾಯನವೇ. ಹೊಗಳಿಕೆ ಮುದುಕನಿಗೆ ಹಿಡಿಸಿತ್ತು.

ತಹಶೀಲ್ದಾರರು ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿದರು. ಅದ್ದಿ, "ಕೊಂಕಲ್ಲಿನ ಹೆಸರು ಇದರಾಗ ಬ್ಯಾರೆ ಎಲ್ಲೆರ ಬಂದೈತೇನು? ಎಲ್ಲಾ ಹುಕುಂದಾಗ ಬರೀಬೇಕು," ಎಂದರು. "ಇಲ್ರಿ, ಮೊದಲಿಂದ ಕಡೀತನಕ ನಾ ಓದೀನಿ," ಎಂದ ಬಸವಂತರಾಯ. ಅವನು ಓದಿದ್ದು ನಿಜ. ಮುಗಿಯಿತು ಎಂದು ಅಚ್ಚಾದ ಪುಟದವರೆಗೆ ಒಂದು ಸಾಲೂ ಬಿಡದೆ ಓದಿದ್ದ. ಮಂಗಳ ಹಾಡಿದ ಮೇಲೆ ಪುರಾಣದ ಹಾಳೆ ತಿರುವಬಾರದು, ಕೈಮುಗಿದು ಮುಚ್ಚಬೇಕು ಎಂದು ಚಿಕ್ಕಂದಿನಲ್ಲಿ ಅವನ ಅಜ್ಜಿ ಕಲಿಸಿದ್ದಳು, ಕೈಗೆ ಅದೇ ರೂಢಿ ಬಿದ್ದಿತ್ತು. ಸುಲ್ತಾನಸಾಬನಿಗೆ ಯಾರೂ ಹಾಗೆ ಕಲಿಸಿರಲಿಲ್ಲ. "ಅಷ್ಟೆಲ್ಲಾ ಯಾಕ ಓದತೀರಿ ಮಾಸ್ತರ?" ಎಂದು ನಗುತ್ತ ಅವನು ಪುಸ್ತಕವನ್ನು ಹಿಂದುಮುಂದಾಗಿ ಹಿಡಿದ. "ನನಗ ಇಂಗ್ಲೀಷ ಬರಂಗಿಲ್ಲ, ಅಕ್ಷರ ಕೂಡಸ್ತೀನಿ ಅಷ್ಟ. ಇಂಥಾ ಕಿತಾಬಿನ್ಯಾಗ ಮುಗದ ಮ್ಯಾಲೂ ಹತ್ತಾರು ಹಾಳಿ ಇರ್ತ್ಯಾವ. ಊರಿನ ಹೆಸರೆಲ್ಲಾ ಸಾಲ ಹಿಡದು, ಎಲ್ಲಿ ಏನೈತಿ ಅಂತ ಒಂದೊಂದು ಮಾತು, ಮುಂದ ಪುಟದ ನಂಬರ. ನಾನು ಯಾವಾಗಲೂ ಇಲ್ಲೇ ಹುಡುಕತೀನಿ." ಬೆರಳಿಟ್ಟು ಇಳಿಸುತ್ತ ಇಳಿಸುತ್ತ ಒಂದು ಕಡೆ ನಿಲ್ಲಿಸಿ, ಪುಸ್ತಕವನ್ನು ದೇವಿಂದ್ರಪ್ಪನವರತ್ತ ಚಾಚಿದ. ಪುಟದ ನಂಬರು ಕೈಯಲ್ಲೇ ಇದ್ದುದರಿಂದ ಅವರೂ ಅದುವರೆಗೆ ಆ ಯಾದಿಯ ಕಡೆ ತಿರುಗಿರಲಿಲ್ಲ. ಅವರು ಒಂದು ಸಲ ಮನಸ್ಸಿನಲ್ಲಿ ಓದಿಕೊಂಡರು, ಒಂದು ಸಲ ಬಸವಂತರಾಯನ ಮುಖ ನೋಡಿದರು, ಆಮೇಲೆ ಎಲ್ಲರಿಗೂ ಕೇಳುವಂತೆ ಅರ್ಥ ಹೇಳಿದರು: "ಕೊಂಕಲ್ ಘಾಟು. ಸುರಪುರದ ಅರಸರ ಸನದಿನಂತೆ ಅಂಬಿಗರ ಮನೆತನದ ಹಕ್ಕು. ಗ್ರಂಥಕರ್ತನ ಕುದುರೆಗಿಂತ ಮೊದಲು ಎಮ್ಮೆ ದಾಟಿದ್ದು. ಪುಟ ನೂರಾ ನಲವತ್ತೇಳು." ತಹಶೀಲ್ದಾರರು ಲೆಕ್ಕಣಿಕೆ ಕೆಳಗಿಟ್ಟು, ತೆರೆದೇ ಇದ್ದ ರಿಜಿಸ್ಟರನ್ನು ತಮ್ಮ ಹತ್ತಿರ ಎಳೆದುಕೊಂಡರು.